ಕಯ್ಯಾರರ ಕೈಬರಹದ ಪತ್ರಿಕೆ

1967ರ ಮಹಾಜನ್ ಆಯೋಗವು ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿದ ಪ್ರದೇಶಗಳಲ್ಲಿ ನಮ್ಮ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಗ್ರಾಮಗಳಿದ್ದವು. ಕೇರಳದ ಕಾಸರಗೋಡಿನಲ್ಲಿ ಚಂದ್ರಗಿರಿ ನದಿಯ ಉತ್ತರದ ಭಾಗವೂ ಇತ್ತು. ವರದಿ ಜಾರಿಗೆ ಬರಲಿಲ್ಲ. ಆಡಳಿತದ ಭಾಷೆ ಬೇರೆಯಾಗಿರುವ ನೆಲದಲ್ಲಿ ಮಕ್ಕಳ ಕನ್ನಡವನ್ನು ಉಳಿಸುವುದು ಹೇಗೆ ಎಂಬ ಪ್ರಶ್ನೆ ಎರಡೂ ಕಡೆ ಉಳಿದುಕೊಂಡಿತು.

ಈ ಪ್ರಶ್ನೆಗೆ ತಮ್ಮ ದುಡಿಮೆಯಿಂದಲೇ ಉತ್ತರ ಕೊಟ್ಟವರು ಕಾಸರಗೋಡಿನ ಕವಿ, ಪತ್ರಕರ್ತ ಕಯ್ಯಾರ ಕಿಞ್ಞಣ್ಣ ರೈ (1915–2015). ಅವರ ಮನೆಮಾತು ತುಳು, ನೆರೆಯ ನುಡಿ ಮಲಯಾಳ, ಬರವಣಿಗೆಯ ಭಾಷೆ ಮುಖ್ಯವಾಗಿ ಕನ್ನಡ. ಹನ್ನೆರಡನೆಯ ವಯಸ್ಸಿನಲ್ಲಿಯೇ ಅವರು ‘ಸುಶೀಲೆ’ ಎಂಬ ಕೈಬರಹದ ಪತ್ರಿಕೆ ಹೊರತಂದರು. ಮುಂದೆ ಮಂಗಳೂರಿನ ಪತ್ರಿಕೆಗಳಲ್ಲಿ ದುಡಿದರು, ಸ್ವಾತಂತ್ರ್ಯ ಚಳವಳಿಯಲ್ಲಿ ಪಾಲ್ಗೊಂಡರು, ಪೆರಡಾಲದಲ್ಲಿ ಅಧ್ಯಾಪಕರಾದರು, ಬದಿಯಡ್ಕ ಗ್ರಾಮ ಪಂಚಾಯತಿಯ ಅಧ್ಯಕ್ಷರೂ ಆದರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಅದನ್ನು ಮನೆಗೆ ಬಿದ್ದ ಬೆಂಕಿಯೆಂದೇ ಬಗೆದು ಹಾಡಿದರು. ಆದರೂ ಮಲಯಾಳದ ಮೇಲೆ ಮುನಿಯಲಿಲ್ಲ. ಜಾತಿಭೇದವನ್ನು ಖಂಡಿಸಿ ಬರೆದ ಮಲಯಾಳದ ಮಹಾಕವಿ ಕುಮಾರನ್ ಆಶಾನರ ಕಾವ್ಯಗಳನ್ನು ಕನ್ನಡಕ್ಕೆ ತಂದುಕೊಟ್ಟರು. ತನ್ನ ಭಾಷೆಗಾಗಿ ಹೋರಾಡುವವನು ನೆರೆಯವರ ಭಾಷೆಯನ್ನು ದ್ವೇಷಿಸಬೇಕಾಗಿಲ್ಲ. ಮರಾಠಿಯ ನಡುವೆ ಬಾಳುವ ನಮಗೆ ಇದು ನಿತ್ಯದ ಪಾಠ.

ಪಾಲಕರು ಗಮನಿಸಬೇಕಾದುದು ಆ ಹನ್ನೆರಡರ ಬಾಲಕನ ಪತ್ರಿಕೆಯನ್ನು. ನಮ್ಮ ಮಕ್ಕಳು ಪಾಠದ ಪ್ರಶ್ನೋತ್ತರಗಳನ್ನು ಕನ್ನಡದಲ್ಲಿ ಬರೆಯುತ್ತಾರೆ. ತಮ್ಮ ಊರಿನ ಸಂಗತಿಯನ್ನು ಬರೆಯುವ ಸಂದರ್ಭ ಅವರಿಗೆ ಬರುವುದು ಅಪರೂಪ. ಪರೀಕ್ಷೆಗೆ ಮಾತ್ರ ಬೇಕಾದ ಭಾಷೆ ಪರೀಕ್ಷೆಯೊಂದಿಗೇ ಮುಗಿದುಹೋಗುತ್ತದೆ.

ಬರೆಯಲು ವಿಷಯಗಳಿಗೆ ಕೊರತೆಯಿಲ್ಲ. ಜತ್ತದ ಮಗು ಬೇಸಿಗೆಯಲ್ಲಿ ನೀರಿನ ಟ್ಯಾಂಕರಿಗಾಗಿ ಕಾಯುವ ತಾಯಂದಿರ ಬಗ್ಗೆ ಬರೆಯಲಿ. ಮಿರಜದ ಮಗು, ಚಿಕಿತ್ಸೆಗೆಂದು ಗಡಿ ದಾಟಿ ಬಂದು ಮರಾಠಿ ಫಲಕಗಳನ್ನು ಓದಲಾಗದೆ ನಿಂತ ಕನ್ನಡದ ರೋಗಿಗಳ ಬಗ್ಗೆ ಬರೆಯಲಿ. ಸಾಂಗಲಿಯ ಮಗು ಅರಿಸಿನ ಪೇಟೆಯಲ್ಲಿ ಚೀಲ ಹೊರುವ ಹಮಾಲರನ್ನು ಮಾತನಾಡಿಸಲಿ. ಕಬ್ಬು ಕಡಿಯಲು ತಂದೆತಾಯಿಗಳ ಸಂಗಡ ಹೋಗಿ ಶಾಲೆ ತಪ್ಪಿಸಿಕೊಂಡ ಸಹಪಾಠಿಯ ಖಾಲಿ ಜಾಗವೂ ಒಂದು ಸುದ್ದಿಯೇ.

ಇದಕ್ಕೆ ಮುದ್ರಣಾಲಯ ಬೇಡ, ಅನುದಾನವೂ ಬೇಡ. ನಾಲ್ಕು ದೊಡ್ಡ ಹಾಳೆಗಳು, ಒಬ್ಬ ಆಸಕ್ತ ಗುರುಗಳು, ತಿಂಗಳಿಗೊಂದು ಶನಿವಾರ ಸಾಕು. ಬರೆದುದನ್ನು ಶಾಲೆಯ ಗೋಡೆಗೆ ಅಂಟಿಸಿರಿ. ಪಾಲಕರು ನಿಂತು ಓದಲಿ. ತಾನು ಬರೆದ ಕನ್ನಡವನ್ನು ಊರು ಓದುತ್ತದೆಂದು ತಿಳಿದ ಮಗುವಿಗೆ, ಕನ್ನಡ ಕಲಿತು ಏನು ಉಪಯೋಗವೆಂಬ ಪ್ರಶ್ನೆಗೆ ಉತ್ತರವನ್ನು ಬೇರೆಯಾಗಿ ಹೇಳಿಕೊಡಬೇಕಾಗುವುದಿಲ್ಲ.