ಆಯುಧ ಮತ್ತು ಆಯುಷ್ಯ

ಆಯುಧಪೂಜೆಯ ದಿನ ಮೋಟಾರು ದುರಸ್ತಿಯ ಅಂಗಡಿಗಳಲ್ಲಿ ಸ್ಪ್ಯಾನರು, ಇಕ್ಕಳ, ಸುತ್ತಿಗೆಗಳನ್ನು ಒರಸಿ, ಸಾಲಾಗಿ ಜೋಡಿಸಿ, ಅರಿಶಿನ ಕುಂಕುಮ ಹಚ್ಚುತ್ತಾರೆ. ಆ ಸಾಲಿನಲ್ಲಿ ಈಗ ಗಾಳಿಯ ಒತ್ತಡದಿಂದ ನಡೆಯುವ ಉಪಕರಣಗಳಿಗೂ ಸ್ಥಾನ ದೊರೆತಿದೆ. ಪೂಜೆ ಎಲ್ಲಕ್ಕೂ ಒಂದೇ. ಆಯುಷ್ಯ ಮಾತ್ರ ಒಂದೇ ಅಲ್ಲ. ಕೊಳ್ಳುವಾಗ ಕೈಗೆ ಬರುವ ಖಾತರಿಪತ್ರವೇ ಇದಕ್ಕೆ ಸಾಕ್ಷಿ. ಉತ್ತಮ ದರ್ಜೆಯ ಸ್ಪ್ಯಾನರಿಗೆ ‘ಜೀವಮಾನದ ಖಾತರಿ’. ಅದೇ ಕಂಪನಿಯ ಗಾಳಿಯ ಉಪಕರಣಕ್ಕೆ ಬಹುಮಟ್ಟಿಗೆ ಒಂದೆರಡು ವರ್ಷ.

ಇದು ತಯಾರಕರ ಜಿಪುಣತನವೆಂದು ತಿಳಿಯಬಾರದು. ಕ್ರೋಮ್-ವೆನೇಡಿಯಂ ಉಕ್ಕನ್ನು ಬಡಿದು ಹದಗೊಳಿಸಿ ಮಾಡಿದ ಸ್ಪ್ಯಾನರಿನಲ್ಲಿ ಒಂದಕ್ಕೊಂದು ಉಜ್ಜುವ ಅಂಗಗಳೇ ಇಲ್ಲ. ಅದು ಮುರಿದರೆ ಲೋಹದ ದೋಷದಿಂದ, ಇಲ್ಲವೆ ಹಿಡಿಗೆ ಕೊಳವೆ ಸಿಕ್ಕಿಸಿ ಒತ್ತುವವನ ಅವಸರದಿಂದ. ಅಪರೂಪಕ್ಕೆ ಕೆಡುವ ವಸ್ತುವಿಗೆ ದೀರ್ಘ ಭರವಸೆ ಕೊಡುವುದು ವ್ಯಾಪಾರಿಗೆ ಭಾರವಲ್ಲ. ಚಕ್ರದ ನಟ್ಟು ಬಿಚ್ಚುವ ಇಂಪ್ಯಾಕ್ಟ್ ರೆಂಚಿನ ಸಂಗತಿ ಬೇರೆ. ಒಳನುಗ್ಗಿದ ಗಾಳಿ ತೆಳುವಾದ ಅಲಗುಗಳನ್ನು ತಳ್ಳಿ ರೋಟರನ್ನು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿಸುತ್ತದೆ. ಅಲಗುಗಳು ಸಿಲಿಂಡರಿನ ಗೋಡೆಗೆ ಉಜ್ಜುತ್ತವೆ. ಒಳಗಿನ ಸುತ್ತಿಗೆ ಎಡೆಬಿಡದೆ ಬಡಿಯುತ್ತದೆ. ಸವೆಯುವುದೇ ಅದರ ಧರ್ಮ.

ಇನ್ನು ‘ಜೀವಮಾನ’ ಎಂಬುದಾದರೂ ಯಾರದು? ಕೊಂಡವನದೋ, ಉಕ್ಕಿನದೋ, ಮಾತು ಕೊಟ್ಟವನದೋ? ಅಮೆರಿಕದ ಸಿಯರ್ಸ್ ಕಂಪನಿ 1927ರಿಂದ ‘ಕ್ರಾಫ್ಟ್ಸ್‌ಮನ್’ ಎಂಬ ಹೆಸರಿನಲ್ಲಿ ಉಪಕರಣಗಳನ್ನು ಮಾರಿತು. ಅದರ ಕೈ ಉಪಕರಣ ಮುರಿದರೆ ಅಂಗಡಿಗೆ ಒಯ್ದು ಹೊಸದನ್ನು ಪಡೆಯಬಹುದೆಂಬ ಮಾತು ಅಲ್ಲಿ ಮನೆಮಾತಾಗಿತ್ತು. 2017ರಲ್ಲಿ ಆ ಹೆಸರು ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿಗೆ ಮಾರಾಟವಾಯಿತು; 2018ರಲ್ಲಿ ಸಿಯರ್ಸ್ ದಿವಾಳಿ ಅರ್ಜಿ ಸಲ್ಲಿಸಿತು. ಹೊಸ ಒಡೆಯರು ಹಳೆಯ ಮಾತನ್ನು ಉಳಿಸಿಕೊಂಡರೆಂಬುದು ನಿಜ. ಆದರೂ ಮಾತು ಕೊಟ್ಟವನಿಗಿಂತ ಸ್ಪ್ಯಾನರೇ ಹೆಚ್ಚು ಕಾಲ ಬಾಳಬಹುದೆಂಬ ಪಾಠ ಅಲ್ಲಿದೆ.

ದೀರ್ಘ ಖಾತರಿ ತಯಾರಕನ ಆತ್ಮವಿಶ್ವಾಸದ ಗುರುತಲ್ಲವೆ ಎಂದು ಕೇಳಬಹುದು. ಹೌದು, ಸ್ವಲ್ಪಮಟ್ಟಿಗೆ. ಆದರೆ ಅದೇ ಪತ್ರದ ಸಣ್ಣಕ್ಷರಗಳಲ್ಲಿ ‘ಸಹಜ ಸವೆತಕ್ಕೆ ಅನ್ವಯಿಸದು’ ಎಂಬ ಸಾಲಿರುವುದುಂಟು. ಅರ, ಗರಗಸದ ಅಲಗು, ಡ್ರಿಲ್ ಮೊನೆಗಳನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. 1975ರ ಅಮೆರಿಕದ ಕಾನೂನೊಂದು ಗ್ರಾಹಕ ವಸ್ತುಗಳ ಲಿಖಿತ ಖಾತರಿಗೆ ‘ಪೂರ್ಣ’ ಅಥವಾ ‘ಸೀಮಿತ’ ಎಂಬ ತಲೆಬರಹ ಕಡ್ಡಾಯಮಾಡಿದ್ದು ಸುಮ್ಮನೆ ಅಲ್ಲ. ಮೇಲಾಗಿ, ಖಾತರಿ ಹೊಸ ಉಪಕರಣವನ್ನು ಕೊಟ್ಟೀತು. ಕೆಲಸ ನಿಂತ ದಿನದ ಕೂಲಿಯನ್ನು ಕೊಡದು. ಸಾಲಮಾಡಿ ಮೊದಲ ಪೆಟ್ಟಿಗೆ ಕೊಳ್ಳುವ ತರುಣನಿಗೆ ಇದು ಸಣ್ಣ ಮಾತಲ್ಲ.

ಆದಕಾರಣ ಗಾಳಿಯ ಉಪಕರಣ ಕೊಳ್ಳುವವನು ‘ಎಷ್ಟು ವರ್ಷದ ಖಾತರಿ?’ ಎಂಬುದಕ್ಕಿಂತ ಮೊದಲು, ‘ಇದರ ಅಲಗು, ಬೇರಿಂಗು, ರಬ್ಬರು ಬಳೆಗಳು ಹತ್ತು ವರ್ಷದ ಮೇಲೂ ಸಿಗುತ್ತವೆಯೆ?’ ಎಂದು ಕೇಳಬೇಕು. ತಯಾರಕರು ಆ ಮಾತನ್ನೂ ಖಾತರಿಪತ್ರದಲ್ಲಿ ಬರೆದುಕೊಡಬೇಕೆಂಬುದು ನನ್ನ ಅಭಿಪ್ರಾಯ. ಬಿಡಿಭಾಗ ಸಿಗದ ಯಂತ್ರಕ್ಕೆ ಎಷ್ಟು ವರ್ಷದ ಭರವಸೆಯಿದ್ದರೇನು?

ಉಳಿದ ಖಾತರಿಯನ್ನು ನಾವೇ ಕೊಟ್ಟುಕೊಳ್ಳಬೇಕು. ಒತ್ತಿದ ಗಾಳಿಯೊಡನೆ ನೀರಿನ ಪಸೆ ಬಂದೇ ಬರುತ್ತದೆ. ಕಂಪ್ರೆಸರಿನ ತೊಟ್ಟಿಯಲ್ಲಿ ನಿಂತ ನೀರನ್ನು ಬಸಿಯದಿದ್ದರೆ ಉಪಕರಣದ ಒಡಲಿಗೆ ತುಕ್ಕು ಹಿಡಿಯುತ್ತದೆ. ಬಹುಪಾಲು ಉಪಕರಣಗಳನ್ನು ಚದರ ಅಂಗುಲಕ್ಕೆ 90 ಪೌಂಡು ಒತ್ತಡಕ್ಕೆಂದು ಮಾಡಿರುತ್ತಾರೆ. ಬಲ ಸಾಲದೆಂದು ಒತ್ತಡ ಏರಿಸಿದರೆ ಆಯುಷ್ಯ ಇಳಿಯುತ್ತದೆ. ಕೆಲಸಕ್ಕೆ ಮುನ್ನ ನಾಲ್ಕು ಹನಿ ಎಣ್ಣೆ ಬಿಡುವುದಕ್ಕೆ ನಿಮಿಷವೂ ಬೇಡ. ಆಯುಧಕ್ಕೆ ಪೂಜೆ ವರ್ಷಕ್ಕೊಮ್ಮೆ ಸಾಕು. ಎಣ್ಣೆ ಮಾತ್ರ ದಿನವೂ ಬೇಕು.