‘ಮಾಡಿಸ್ಬಿಡಿ’ ಅನ್ನೋದು ಪುರಾವೆ ಅಲ್ಲ

ನಮ್ಮ ಮಹಾಲಕ್ಷ್ಮಿ ಲೇಔಟಿನಲ್ಲಿ ಹೃದಯದ ವಿಷಯಕ್ಕೆ ಎರಡು ಪಕ್ಷಗಳಿವೆ. ಒಂದು, ‘ಡಾಕ್ಟ್ರು ಹೇಳಿದ್ಮೇಲೆ ಮುಗೀತು, ಮಾಡಿಸ್ಬಿಡಿ’ ಪಕ್ಷ. ಇನ್ನೊಂದು, ‘ಎಲ್ಲ ದುಡ್ಡು ಮಾಡೋ ದಂಧೆ ಕಣ್ರೀ’ ಪಕ್ಷ. ಬೆಳಿಗ್ಗೆ ವೀರಾಂಜನೇಯ ಗುಡಿಗೆ ಹೋಗಿ ಬರುವವರಲ್ಲೂ, ದರ್ಶಿನಿ ಮುಂದೆ ಬೈಟು ಕಾಫಿ ಹಿಡಿದು ನಿಂತವರಲ್ಲೂ ಮೂರನೇ ಪಕ್ಷದವರು ನನಗಿನ್ನೂ ಸಿಕ್ಕಿಲ್ಲ. ಈ ಬರಹ ಎರಡೂ ಪಕ್ಷಗಳ ವಿರುದ್ಧ.

ವಿಷಯ ಕ್ಯಾಥೆಟರ್ ಅಬ್ಲೇಶನ್. ಎದೆಬಡಿತದ ತಾಳ ತಪ್ಪಿದಾಗ ಮಾಡುವ ಚಿಕಿತ್ಸೆ ಇದು. ತೊಡೆಸಂದಿನ ರಕ್ತನಾಳದಿಂದ ತೆಳ್ಳನೆಯ ತಂತಿಯಂಥ ಕೊಳವೆಯನ್ನು ಹೃದಯದೊಳಕ್ಕೆ ಒಯ್ದು, ತಪ್ಪು ವಿದ್ಯುತ್ ಸಂಕೇತ ಹುಟ್ಟುವ ಅಥವಾ ಹಾಯುವ ಜಾಗವನ್ನು ಬಿಸಿಯಿಂದಲೋ ಚಳಿಯಿಂದಲೋ ಸುಡುತ್ತಾರೆ. 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಹೈಸಗೇರ್ ಮತ್ತವರ ತಂಡ ಒಂದು ವಿಷಯ ತೋರಿಸಿಕೊಟ್ಟಿತು. ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಎಎಫ್ ಅನ್ನೋ ತಾಳ ತಪ್ಪುವಿಕೆಯನ್ನು ಕೆರಳಿಸುವ ಕಿಡಿಗಳು ಬಹುಪಾಲು ಶ್ವಾಸಕೋಶದಿಂದ ಹೃದಯಕ್ಕೆ ಬರುವ ರಕ್ತನಾಳಗಳ ಬಾಯಲ್ಲಿ ಹುಟ್ಟುತ್ತವೆ ಅಂತ. ಆ ಬಾಯಿಗಳ ಸುತ್ತ ಸುಟ್ಟು ಬೇಲಿ ಹಾಕುವುದೇ ಇವತ್ತಿಗೂ ಎಎಫ್ ಅಬ್ಲೇಶನ್‌ನ ಜೀವಾಳ.

ನಾನು ಡಾಕ್ಟರಲ್ಲ. ತುರುವೇಕೆರೆ ಕಡೆಯ ಹಳ್ಳಿಯಲ್ಲಿ ಬೆಳೆದು, ಬಿ.ಇ. ಮಾಡಿ, ಕೋಡ್ ಬರೆದು ಬದುಕುವವನು. ನನ್ನ ಸೋದರಮಾವನಿಗೆ ಎಎಫ್ ಅಂತ ಗೊತ್ತಾದಾಗ ನಮ್ಮನೇಲೇ ಉಳಿದಿದ್ದರು. ಮೊದಲು ತೋರಿಸಿದ ಕಡೆ ಎಕೋ, ಹೋಲ್ಟರ್ ಎಲ್ಲ ಆದಮೇಲೆ ಸಿಕ್ಕ ವಿವರಣೆ ಒಂದೇ ಸಾಲು: ‘ಅಬ್ಲೇಶನ್ ಮಾಡಿಸ್ಬಿಡಿ, ಸರಿ ಹೋಗುತ್ತೆ.’ ಹೊರಗೆ ಬಂದು ನಾನು ಬಿಡಿಸಿ ಹೇಳಿದಾಗ ಮಾವ ಕೇಳಿದ್ದು, ‘ಅಂದ್ರೆ ಎದೆ ಒಳಗೆ ಬರೆ ಹಾಕೋದಾ?’

ಹೌದು, ಬರೆಯೇ. ಊರಲ್ಲಿ ದನಕ್ಕೆ, ಕಾಮಾಲೆಯಾದ ಮಕ್ಕಳಿಗೆ ಬರೆ ಹಾಕುತ್ತಿದ್ದುದನ್ನು ಕಂಡವರು ಅವರು. ಬರೆಗೂ ಅಬ್ಲೇಶನ್‌ಗೂ ಇರುವ ವ್ಯತ್ಯಾಸ ಸಲಕರಣೆಯ ಬೆಲೆಯಲ್ಲಿಲ್ಲ, ಪುರಾವೆಯಲ್ಲಿದೆ. ಹಾಗಾಗಿ ಪುರಾವೆ ಎಷ್ಟಿದೆ ಅಂತ ಹೇಳದೆ ‘ಮಾಡಿಸ್ಬಿಡಿ’ ಅಂದರೆ, ಆ ವ್ಯತ್ಯಾಸವನ್ನೇ ಬಿಟ್ಟುಕೊಟ್ಟ ಹಾಗಾಯ್ತು.

ಪುರಾವೆ ಎಷ್ಟಿದೆ? ‘ಅಬ್ಲೇಶನ್ ಒಳ್ಳೇದಾ?’ ಅನ್ನೋ ಪ್ರಶ್ನೆಗೆ ಉತ್ತರವೇ ಇಲ್ಲ. ಯಾರಿಗೆ, ಯಾವ ತೊಂದರೆಗೆ, ಯಾವ ಲಾಭಕ್ಕೆ ಅಂತ ಕೇಳಬೇಕು. ಎಸ್‌ವಿಟಿಯ ಸಾಮಾನ್ಯ ಬಗೆಯಲ್ಲಿ, ಅಂದರೆ ಹೃದಯದೊಳಗೆ ಕರೆಂಟು ಒಂದೇ ಕಡೆ ಗಿರಕಿ ಹೊಡೆಯುವಂಥದ್ದರಲ್ಲಿ, ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿಗೆ ಅಬ್ಲೇಶನ್‌ನಿಂದ ವಾಸಿಯಾಗುತ್ತೆ. ಅಲ್ಲಿ ಹೆಚ್ಚು ಚರ್ಚೆ ಇಲ್ಲ. ಚರ್ಚೆ ಇರೋದು ಎಎಫ್‌ನಲ್ಲಿ.

2019ರಲ್ಲಿ ಪ್ರಕಟವಾದ ಕಬಾನಾ ಅನ್ನೋ ಅಧ್ಯಯನದಲ್ಲಿ 2,204 ಎಎಫ್ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಅಬ್ಲೇಶನ್ ಗುಂಪು, ಮಾತ್ರೆ ಗುಂಪು ಅಂತ ಹಂಚಿದರು. ಸಾವು, ಅಂಗವೈಕಲ್ಯ ತರುವ ಪಾರ್ಶ್ವವಾಯು, ಗಂಭೀರ ರಕ್ತಸ್ರಾವ, ಹೃದಯಸ್ತಂಭನ – ಇವಿಷ್ಟನ್ನೂ ಸೇರಿಸಿದ ಲೆಕ್ಕ ಅಬ್ಲೇಶನ್ ಗುಂಪಿನಲ್ಲಿ 8.0%, ಮಾತ್ರೆ ಗುಂಪಿನಲ್ಲಿ 9.2%. ಸಂಖ್ಯಾಶಾಸ್ತ್ರದ ಪ್ರಕಾರ ಇದು ವ್ಯತ್ಯಾಸವೇ ಅಲ್ಲ. ‘ಮಾತ್ರೆ ಗುಂಪಿನವರಲ್ಲಿ 27.5% ಜನ ಮಧ್ಯದಲ್ಲಿ ಅಬ್ಲೇಶನ್ ಮಾಡಿಸಿಕೊಂಡುಬಿಟ್ಟರು, ಅದಕ್ಕೇ ಲಾಭ ಕಾಣಲಿಲ್ಲ’ ಅಂತಾರೆ ಪರವಾಗಿರುವವರು. ಅವರ ವಾದದಲ್ಲೂ ಹುರುಳಿದೆ. ಆದರೆ ‘ಆಯಸ್ಸು ಹೆಚ್ಚುತ್ತೆ ಅಂತ ಸಾಬೀತಾಗಿದೆ’ ಅಂತ ಎಲ್ಲ ಎಎಫ್ ರೋಗಿಗಳಿಗೂ ಹೇಳುವಷ್ಟು ಹುರುಳಿಲ್ಲ. ಅದೇ, ಹೃದಯ ಸೋತವರ ಕಥೆ ಬೇರೆ. 2018ರ ಕ್ಯಾಸಲ್-ಎಎಫ್ ಅಧ್ಯಯನದ 363 ಮಂದಿಯಲ್ಲಿ, ಸತ್ತವರು ಅಥವಾ ಹೃದಯ ವೈಫಲ್ಯ ಹೆಚ್ಚಾಗಿ ಆಸ್ಪತ್ರೆ ಸೇರಿದವರು ಅಬ್ಲೇಶನ್ ಗುಂಪಿನಲ್ಲಿ 28.5%, ಇನ್ನೊಂದರಲ್ಲಿ 44.6%. ಚಿಕಿತ್ಸೆ ಅದೇ, ರೋಗಿ ಬೇರೆ, ಪುರಾವೆಯೂ ಬೇರೆ.

‘ಜಾಸ್ತಿ ಸುಟ್ಟರೆ ಜಾಸ್ತಿ ಲಾಭ’ ಅನ್ನೋ ನಂಬಿಕೆಯೂ ಇತ್ತು. ಬಿಡದೆ ಕಾಡುವ ಎಎಫ್‌ಗೆ ರಕ್ತನಾಳದ ಬಾಯಿ ಸಾಲದು, ಇನ್ನೂ ನಾಲ್ಕು ಗೆರೆ ಎಳೆಯಬೇಕು ಅಂತ ತಜ್ಞರೇ ನಂಬಿ ಮಾಡುತ್ತಿದ್ದರು. 2015ರಲ್ಲಿ 589 ರೋಗಿಗಳ ಸ್ಟಾರ್ ಎಎಫ್-2 ಅಧ್ಯಯನ ಬಂತು. ಬರೀ ಬಾಯಿಗಳನ್ನು ಸುಟ್ಟ ಗುಂಪಿನಲ್ಲಿ 18 ತಿಂಗಳ ನಂತರ 59% ಜನರಿಗೆ ಎಎಫ್ ಮರುಕಳಿಸಿರಲಿಲ್ಲ. ಹೆಚ್ಚಿಗೆ ಸುಟ್ಟ ಎರಡು ಗುಂಪುಗಳಲ್ಲಿ 49% ಮತ್ತು 46%. ಹೆಚ್ಚುವರಿ ಬರೆಯಿಂದ ಲಾಭ ಕಾಣಲಿಲ್ಲ.

ಇಸಿಜಿ ಸರಿಯಾದರೆ ಮನುಷ್ಯ ಸರಿಯಾದ ಅಂದುಕೊಳ್ಳುವವರು ಇನ್ನೂ ಹಿಂದಕ್ಕೆ ಹೋಗಿ 1991ರ ಕಾಸ್ಟ್ ವರದಿ ಓದಬೇಕು. ಹೃದಯಾಘಾತವಾದವರ ಅಡ್ಡಾದಿಡ್ಡಿ ಬಡಿತಗಳನ್ನು ಎರಡು ಮಾತ್ರೆಗಳು ಚೆನ್ನಾಗಿ ಅಡಗಿಸುತ್ತಿದ್ದವು. ಗ್ರಾಫ್ ನೋಡೋಕೆ ಚೆಂದ. ಆದರೆ ಮಾತ್ರೆ ತಗೊಂಡ 755 ಮಂದಿಯಲ್ಲಿ 63 ಜನ ಸತ್ತರು, ಖಾಲಿ ಮಾತ್ರೆ ತಗೊಂಡ 743ರಲ್ಲಿ 26 ಜನ. ವಾಚು ಎಎಫ್ ಅಂತ ತೋರಿಸಿದ ಕೂಡಲೇ ಏನಾದರೂ ‘ಫಿಕ್ಸ್’ ಮಾಡಿಸಲೇಬೇಕು ಅಂತ ಓಡುವ ನಮ್ಮ ಆಫೀಸಿನ ಹುಡುಗರು ಇದನ್ನು ನೆನಪಿಟ್ಟುಕೊಳ್ಳಲಿ.

ಇಷ್ಟು ಓದಿ ದಂಧೆ ಪಕ್ಷದವರು ಮೀಸೆ ತಿರುವೋದು ಬೇಡ. 2024ರಲ್ಲಿ ಇಂಗ್ಲೆಂಡಿನಲ್ಲಿ 126 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಅರ್ಧ ಮಂದಿಗೆ ನಿಜವಾದ ಅಬ್ಲೇಶನ್, ಉಳಿದವರಿಗೆ ಬರೀ ತೋರಿಕೆಯದ್ದು ಮಾಡಿದರು. ತಮಗೆ ಯಾವುದಾಯಿತು ಅಂತ ರೋಗಿಗಳಿಗೆ ಗೊತ್ತಿರಲಿಲ್ಲ. ಆರು ತಿಂಗಳಿಗೆ ಎಎಫ್‌ನಲ್ಲಿ ಕಳೆಯುವ ಹೊತ್ತು ನಿಜವಾದದ್ದರಲ್ಲಿ 60% ಇಳಿಯಿತು, ತೋರಿಕೆಯದ್ದರಲ್ಲಿ 35%. ರೋಗಿಗಳ ದಿನನಿತ್ಯದ ಕಾಟವೂ ನಿಜವಾದ ಗುಂಪಿನಲ್ಲೇ ಹೆಚ್ಚು ಕಡಿಮೆಯಾಯಿತು. ಅಂದರೆ ಇದು ಮನಸ್ಸಿನ ಭ್ರಮೆಯೂ ಅಲ್ಲ, ದುಡ್ಡಿನ ಆಟವೂ ಅಲ್ಲ.

ಇನ್ನು ನಮ್ಮ ದೇಶದ ಮಾತು. 46 ದೇಶಗಳ 15,400 ಎಎಫ್ ರೋಗಿಗಳ ದಾಖಲೆ 2014ರಲ್ಲಿ ಪ್ರಕಟವಾಯಿತು. ಭಾರತದ ರೋಗಿಗಳಲ್ಲಿ 31.5% ಮಂದಿಗೆ ರುಮ್ಯಾಟಿಕ್ ಹೃದ್ರೋಗವಿತ್ತು, ಉತ್ತರ ಅಮೆರಿಕದಲ್ಲಿ 2.2%. ನಮ್ಮವರು ಬೇರೆಡೆಯವರಿಗಿಂತ ಹತ್ತು-ಹನ್ನೆರಡು ವರ್ಷ ಚಿಕ್ಕವರು ಕೂಡ. ಕಬಾನಾದ ನಡುವಯಸ್ಸು 68. ಬಾಲ್ಯದಲ್ಲಿ ಬಂದ ಜ್ವರದಿಂದ ಕವಾಟ ಕೆಟ್ಟು, ನಲವತ್ತಕ್ಕೇ ಎಎಫ್ ಬಂದ ಹಳ್ಳಿಯ ಹೆಂಗಸಿಗೆ ಆ ಅಂಕಿಗಳನ್ನು ಹಾಗೇ ಹಚ್ಚಿದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಹಾಗಂತ ಡಾಕ್ಟರು ಕೈಕಟ್ಟಿ ಕೂರೋಕಾಗುತ್ತಾ? ಆಗಲ್ಲ. ರೋಗಿ ಎದುರಿಗೆ ಕೂತಿರ್ತಾರೆ. ಕಾಟ ಎಷ್ಟು, ಎಎಫ್ ಎಷ್ಟು ಕಾಲದಿಂದ ಇದೆ, ಎಡ ಹೃತ್ಕರ್ಣ ಎಷ್ಟು ಹಿಗ್ಗಿದೆ, ಹೃದಯದ ಬಲ ಎಷ್ಟು, ಮಾತ್ರೆ ಕೆಲಸ ಮಾಡಿತಾ, ತನ್ನ ಕೈಯ ಅನುಭವ ಎಷ್ಟು – ಇವನ್ನೆಲ್ಲ ತೂಗಿ ನಿರ್ಧರಿಸಬೇಕು. ಅಮೆರಿಕದ ಹೃದ್ರೋಗ ಸಂಘಗಳ ಮಾರ್ಗಸೂಚಿಗಳಲ್ಲೇ ಅತ್ಯುನ್ನತ ದರ್ಜೆಯ ಪುರಾವೆ ಇರುವ ಶಿಫಾರಸುಗಳು ಬರೀ 8.5% ಅಂತ 2019ರಲ್ಲಿ ಲೆಕ್ಕ ಹಾಕಿದ್ದರು. ಅರೆಬರೆ ಮಾಹಿತಿಯಲ್ಲಿ ತೀರ್ಮಾನ ಮಾಡೋದು ಈ ವೃತ್ತಿಯ ಪಾಡು. ಅದರ ಬಗ್ಗೆ ನನ್ನ ತಕರಾರಿಲ್ಲ.

ನನ್ನ ತಕರಾರು ಇಷ್ಟೇ: ಆ ಅರೆಬರೆತನವನ್ನು ರೋಗಿಯಿಂದ ಯಾಕೆ ಮುಚ್ಚಿಡ್ತೀರಿ? ಮಾರ್ಗಸೂಚಿಯಲ್ಲಿ ಪ್ರತಿ ಶಿಫಾರಸಿನ ಪಕ್ಕ ಪುರಾವೆಯ ದರ್ಜೆ ಅಚ್ಚಾಗಿರುತ್ತೆ. ಅದು ಡಾಕ್ಟರ ಕಣ್ಣಿಗೆ ಬೀಳುತ್ತೆ, ಸಹಿ ಹಾಕುವವನ ಕಣ್ಣಿಗೆ ಬೀಳಲ್ಲ. ನಮ್ಮ ಆಫೀಸಲ್ಲಿ ಒಂದು ಸಣ್ಣ ರಿಲೀಸ್ ಹೊರಗೆ ಹೋಗಬೇಕಾದರೂ ‘ನೋನ್ ಇಶ್ಯೂಸ್’ ಪಟ್ಟಿ ಜೊತೆಗಿರಬೇಕು. ಹೃದಯಕ್ಕೆ ಆ ಮರ್ಯಾದೆ ಬೇಡವಾ?

ಇದು ನನ್ನ ಹೊಸ ಬೇಡಿಕೆಯೇನಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಚಿಕಿತ್ಸೆ ಏನು, ಲಾಭ ಏನು, ಬೇರೆ ದಾರಿ ಏನಿದೆ, ಮುಖ್ಯ ಅಪಾಯ ಏನು, ಬೇಡ ಅಂದರೆ ಏನಾಗುತ್ತೆ ಅಂತ ತಿಳಿಸಿಯೇ ಒಪ್ಪಿಗೆ ಪಡೆಯಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪತ್ರದಲ್ಲಿ ಮಾಹಿತಿ, ದಾಖಲೆಗಳ ಪ್ರತಿ, ಎರಡನೇ ಅಭಿಪ್ರಾಯ ಎಲ್ಲವೂ ಹಕ್ಕುಗಳೇ. ಅಡ್ಮಿಶನ್ ಕೌಂಟರಿನಲ್ಲಿ ಇಂಗ್ಲಿಷಿನ ಫಾರಂ ತಳ್ಳಿ ‘ಇಲ್ಲೊಂದು ಸೈನ್ ಹಾಕಿ ಸಾರ್’ ಅನ್ನೋದನ್ನು ಒಪ್ಪಿಗೆ ಅನ್ನಲ್ಲ, ರಸೀದಿ ಅಂತಾರೆ.

‘ಅಷ್ಟೆಲ್ಲ ಹೇಳಿದ್ರೆ ಹಳ್ಳಿ ಜನ ಗಾಬರಿಯಾಗ್ತಾರೆ, ಅರ್ಥ ಆಗಲ್ಲ’ ಅನ್ನೋ ಮಾತಿಗೆ ನನಗೆ ನಿಜಕ್ಕೂ ಸಿಟ್ಟು ಬರುತ್ತೆ. ಮೊದಲ ಮಳೆ ಬಿದ್ದಾಗ ಬಿತ್ತಬೇಕಾ, ಇನ್ನೊಂದು ಹದ ಕಾಯಬೇಕಾ ಅಂತ ಪ್ರತಿ ವರ್ಷ ತೀರ್ಮಾನಿಸುವವರು ಅವರು. ರಾಗಿ ಬೆಳೆಯುವವನಿಗೆ ಅನಿಶ್ಚಯ ಅಂದರೇನು ಅಂತ ಹವಾನಿಯಂತ್ರಿತ ಕೋಣೆಯಲ್ಲಿ ಕೂತವರು ಪಾಠ ಹೇಳಬೇಕಿಲ್ಲ. ಮಾವನಿಗೆ ಎರಡನೇ ಅಭಿಪ್ರಾಯ ಕೊಟ್ಟ ಡಾಕ್ಟರು ಹೇಳಿದ್ದು ಇಷ್ಟು: ‘ಯಜಮಾನ್ರೇ, ಎದೆ ಹೊಡ್ಕೊಳ್ಳೋದು ಕಡಿಮೆ ಆಗೋ ಸಾಧ್ಯತೆ ಚೆನ್ನಾಗಿದೆ. ಆಯಸ್ಸು ಜಾಸ್ತಿ ಆಗುತ್ತೆ ಅಂತ ನಾನು ಹೇಳಲಾರೆ. ಇನ್ನೊಂದು ಸಲ ಮಾಡಬೇಕಾಗಬಹುದು. ನೂರಕ್ಕೆ ಒಬ್ಬರ ಆಸುಪಾಸು ಹೃದಯದ ಸುತ್ತ ರಕ್ತ ತುಂಬೋ ಅಪಾಯ ಇದೆ. ರಕ್ತ ತೆಳು ಮಾಡೋ ಮಾತ್ರೆ ಆದ ಕೂಡಲೇ ಬಿಡಂಗಿಲ್ಲ.’ ಐದು ವಾಕ್ಯ. ಮಾವ ಗಾಬರಿಯಾಗಲಿಲ್ಲ. ಸುಗ್ಗಿ ಮುಗಿಸಿಕೊಂಡು ಬಂದು ಮಾಡಿಸಿಕೊಂಡರು. ಕಾಟ ಕಡಿಮೆಯಾಗಿದೆ, ಮಾತ್ರೆ ನಡೀತಿದೆ.

ಹಾಗಾಗಿ ನಿಮ್ಮ ಅಪ್ಪನನ್ನೋ ಅತ್ತೆಯನ್ನೋ ಕರೆದುಕೊಂಡು ಹೋದಾಗ ಪ್ಯಾಕೇಜಿನ ರೇಟು, ಇನ್ಶೂರೆನ್ಸು ಕೇಳೋಕೆ ಮೊದಲು ಇದನ್ನು ಕೇಳಿ: ಇದು ಕಾಟ ಕಡಿಮೆ ಮಾಡೋಕಾ, ಆಯಸ್ಸು ಹೆಚ್ಚಿಸೋಕಾ? ಇವರಂಥವರ ಮೇಲೆ ಅಧ್ಯಯನ ಆಗಿದೆಯಾ? ಮಾಡಿಸದೆ ಕಾದರೆ ಏನಾಗುತ್ತೆ? ನೀವು ವರ್ಷಕ್ಕೆ ಇಂಥವು ಎಷ್ಟು ಮಾಡ್ತೀರಿ? ಎಷ್ಟು ಜನಕ್ಕೆ ಮರುಕಳಿಸಿದೆ? ‘ಇದಕ್ಕೆ ಪೂರ್ತಿ ಪುರಾವೆ ಇಲ್ಲ, ಆದರೂ ನಿಮಗೆ ಯಾಕೆ ಹೇಳ್ತಿದೀನಿ ಅಂದ್ರೆ...’ ಅಂತ ಮಾತು ಶುರು ಮಾಡುವ ಡಾಕ್ಟರನ್ನು ನಂಬಿ. ಪ್ರಶ್ನೆ ಕೇಳಿದ್ದಕ್ಕೇ ಮುಖ ಗಂಟಿಕ್ಕುವವರ ಮುಂದಿನಿಂದ ಫೈಲ್ ಎತ್ತಿಕೊಂಡು ಎದ್ದು ಬನ್ನಿ. ಆ ಫೈಲ್ ನಿಮ್ಮದು.