ಗೆದ್ದವರು ಇನ್ನೂ ಸಾಯುತ್ತಿದ್ದಾರೆ

ವಿಯೆಟ್ನಾಂ ಎಂದರೆ ನಮ್ಮ ಹಳೆಯ ಚಳವಳಿಗಾರರ ಮೈಯಲ್ಲಿ ಇಂದಿಗೂ ರಕ್ತ ಬಿಸಿಯಾಗುತ್ತದೆ. ಆಗಲಿ. 1288ರಲ್ಲಿ ಬಾಕ್ ಡಾಂಗ್ ನದಿಯ ತಳದಲ್ಲಿ ಮರದ ಗೂಟ ನೆಟ್ಟು, ಉಬ್ಬರ ಇಳಿಯುವ ಹೊತ್ತಿಗೆ ಕಾದು, ಮಂಗೋಲರ ಹಡಗುಗಳನ್ನು ಸಿಕ್ಕಿಸಿ ಸೋಲಿಸಿದ ಜನ ಅವರು. 1954ರಲ್ಲಿ ಡಿಯೆನ್ ಬಿಯೆನ್ ಫುವಿನ ಗುಡ್ಡಗಳಿಗೆ ಫಿರಂಗಿಗಳನ್ನು ಹಗ್ಗ ಕಟ್ಟಿ ಎಳೆದು, ಸೈಕಲ್ಲಿನ ಮೇಲೆ ಅಕ್ಕಿ ಹೇರಿಕೊಂಡು ಹೋಗಿ, 56 ದಿನ ಕಾದಾಡಿ ಫ್ರೆಂಚರನ್ನು ಮಣಿಸಿದರು. 1975ರ ಏಪ್ರಿಲ್ 30ರಂದು, ಅಮೆರಿಕ ಬೆಂಬಲಿಸಿದ್ದ ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಅವರ ಕೈಸೇರಿತು. ಕಲ್ಕತ್ತೆಯವರಂತೂ ಅಮೆರಿಕದ ಕಾನ್ಸುಲೇಟ್ ಇರುವ ಹ್ಯಾರಿಂಗ್ಟನ್ ರಸ್ತೆಗೇ ವಿಯೆಟ್ನಾಂ ನಾಯಕ ಹೋ ಚಿ ಮಿನ್ ಹೆಸರಿಟ್ಟರು! ಜೈಕಾರ ಹಾಕಿದ್ದಾಯಿತು. ಆಮೇಲೆ?

ಆಮೇಲಿನ ಕಥೆಯನ್ನು ಕ್ವಾಂಗ್ ಟ್ರಿ ಪ್ರಾಂತ್ಯದ ರೈತರು ಬಲ್ಲರು. ಕ್ಲಸ್ಟರ್ ಬಾಂಬಿನ ಕವಚ ಆಕಾಶದಲ್ಲೇ ಬಿಚ್ಚಿಕೊಂಡು ನೂರಾರು ಮರಿಬಾಂಬುಗಳನ್ನು ಚೆಲ್ಲುತ್ತದೆ. ಅವುಗಳಲ್ಲಿ ಹಲವು ಟೆನಿಸ್ ಚೆಂಡಿನಷ್ಟು. ಒಳಗೆ ಉಕ್ಕಿನ ಸಣ್ಣ ಗೋಲಿಗಳು. ಯುದ್ಧದಲ್ಲಿ ಅಮೆರಿಕ ಸುರಿದವುಗಳಲ್ಲಿ ಸಿಡಿಯದೆ ಬಿದ್ದವು ಗದ್ದೆಯ ಕೆಸರಿನಲ್ಲಿ ಹೂತು ಕೂತಿವೆ. ಅಗೆಯುವವನ ಗುದ್ದಲಿ ತಾಗುತ್ತದೆ. ಮಗು ಚೆಂಡೆಂದು ಎತ್ತಿಕೊಳ್ಳುತ್ತದೆ. ಹೊಟ್ಟೆಪಾಡಿಗೆ ಕಬ್ಬಿಣ ಆಯುವವನು ಗುಜರಿಗೆ ಹಾಕಿದರೆ ನಾಲ್ಕು ಕಾಸು ಬಂದೀತೆಂದು ಬಡಿದು ನೋಡುತ್ತಾನೆ. ವಿಯೆಟ್ನಾಂ ಸರ್ಕಾರದ ಲೆಕ್ಕದಲ್ಲಿ, ಸಿಡಿಯದೆ ಉಳಿದ ಬಾಂಬುಗಳಿಗೆ ಬಲಿಯಾದವರು ಸುಮಾರು 40,000 ಮಂದಿ. ಇವರೆಲ್ಲ ಯುದ್ಧ ಮುಗಿದ ಮೇಲೆ ಸತ್ತವರು.

ಬಾಂಬು ಕಣ್ಣಿಗಾದರೂ ಕಾಣುತ್ತದೆ, ವಿಷ ಕಾಣುವುದಿಲ್ಲ. 1961ರಿಂದ 1971ರವರೆಗೆ ಅಮೆರಿಕದ ವಿಮಾನಗಳು ಕಾಡಿನ ಎಲೆ ಉದುರಿಸಲು, ಬೆಳೆ ಸುಡಲು 7 ಕೋಟಿ ಲೀಟರಿಗೂ ಹೆಚ್ಚು ಕಳೆನಾಶಕ ಸುರಿದವು. ಅದರ ದೊಡ್ಡ ಪಾಲು ಏಜೆಂಟ್ ಆರೆಂಜ್, ಅದರೊಳಗೆ ಡಯಾಕ್ಸಿನ್ ಎಂಬ ವಿಷ. ಆ ಕಳೆನಾಶಕ ಕೂಡಿಟ್ಟಿದ್ದ ಬಿಯೆನ್ ಹೋವಾ ವಾಯುನೆಲೆಯ ಮಣ್ಣನ್ನು ಇಂದಿಗೂ ತೊಳೆದು ಮುಗಿದಿಲ್ಲ. ಈ ವಿಷಕ್ಕೆ ಮೈಯೊಡ್ಡಿದ ಅಮೆರಿಕದ ಸೈನಿಕರು ಕೋರ್ಟಿಗೆ ಹೋದರು. 1984ರಲ್ಲಿ ತಯಾರಿಕಾ ಕಂಪನಿಗಳು 18 ಕೋಟಿ ಡಾಲರ್ ಕೊಟ್ಟು ರಾಜಿಯಾದವು. ವಿಯೆಟ್ನಾಮಿನವರು ಅದೇ ದೇಶದ ಕೋರ್ಟಿಗೆ ಹೋದಾಗ, 2005ರಲ್ಲಿ ದಾವೆ ವಜಾ. ಕಾಡಿನಲ್ಲಿ ಮೈಮೇಲೆ ವಿಷ ಬಿದ್ದ ಟ್ರಾನ್ ತೋ ಙಾ ಎಂಬ ವೃದ್ಧೆ ತಯಾರಿಕಾ ಕಂಪನಿಗಳ ವಿರುದ್ಧ ಫ್ರಾನ್ಸಿನ ಕೋರ್ಟಿನಲ್ಲಿ ಹೋರಾಡಿದರು. 2024ರಲ್ಲಿ ಪ್ಯಾರಿಸ್ಸಿನ ಮೇಲ್ಮನವಿ ನ್ಯಾಯಾಲಯವೂ ಕೈಚೆಲ್ಲಿತು. ಒಂದೇ ಡ್ರಮ್ಮಿನ ವಿಷಕ್ಕೆ ಎರಡು ನ್ಯಾಯ. ಇದನ್ನು ಕಾನೂನಿನ ತಾಂತ್ರಿಕತೆ ಎಂದು ಒಪ್ಪಿಕೊಳ್ಳಲು ನನ್ನ ಮನಸ್ಸು ಸಿದ್ಧವಿಲ್ಲ.

ಅಮೆರಿಕವನ್ನು ಬೈದು ಎದ್ದು ಹೋಗುವುದು ಸುಲಭ. ಆದರೆ ನಮ್ಮ ಅಂಗಳದ ಮಾತೂ ಒಂದಿದೆ. 1954ರ ಜಿನೀವಾ ಒಪ್ಪಂದದ ಬಳಿಕ ವಿಯೆಟ್ನಾಮಿನ ಕದನವಿರಾಮದ ಮೇಲೆ ಕಣ್ಣಿಡಲು ನೇಮಿಸಿದ ಅಂತರರಾಷ್ಟ್ರೀಯ ಆಯೋಗಕ್ಕೆ ಭಾರತವೇ ಅಧ್ಯಕ್ಷ ದೇಶವಾಗಿತ್ತು. ಅಂಥ ದೇಶ, ಕ್ಲಸ್ಟರ್ ಬಾಂಬುಗಳನ್ನು ನಿಷೇಧಿಸುವ 2008ರ ಒಪ್ಪಂದಕ್ಕೆ ಇಂದಿಗೂ ಸಹಿ ಹಾಕಿಲ್ಲ. ನೂರಕ್ಕೂ ಹೆಚ್ಚು ದೇಶಗಳು ಒಪ್ಪಿವೆ. ವಿಯೆಟ್ನಾಂ ಜೊತೆಗೇ ಬಾಂಬಿನ ಮಳೆ ಕಂಡ ಪುಟ್ಟ ಲಾವೋಸ್ ಒಪ್ಪಿದೆ. ವಿಯೆಟ್ನಾಂ ಸ್ವತಃ ಹೊರಗುಳಿದಿದೆ, ನಿಜ. ಅದು ಅವರ ಸರ್ಕಾರ ತನ್ನ ಜನಕ್ಕೆ ಕೊಡಬೇಕಾದ ಉತ್ತರ. ಗಡಿಯ ಭಯ, ಸೇನೆಯ ಅಗತ್ಯ ಎಂದು ನಮ್ಮವರು ಹೇಳುತ್ತಾರೆ. ಆದರೆ ಮರಿಬಾಂಬಿಗೆ ಗಡಿ ಗೊತ್ತಿಲ್ಲ, ಸೈನಿಕನೂ ಗೊತ್ತಿಲ್ಲ. ಗಡಿಯ ಹೊಲವನ್ನು ನಾಳೆ ಉಳುವವರು ನಮ್ಮ ರೈತರೇ.

ವಿಯೆಟ್ನಾಂ ಗೆದ್ದಾಗ ಸಿಹಿ ಹಂಚಿದ ಹಿರಿಯರೇ, ಟೀ ಶರ್ಟಿನ ಮೇಲೆ ಹೋ ಚಿ ಮಿನ್ ಚಿತ್ರ ತೊಟ್ಟ ಹುಡುಗರೇ, ನಿಮ್ಮ ಕ್ಷೇತ್ರದ ಸಂಸದರಿಗೆ ಒಂದು ಕಾಗದ ಬರೆಯಿರಿ. ಭಾರತ ಈ ಒಪ್ಪಂದಕ್ಕೆ ಏಕೆ ಸಹಿ ಹಾಕಿಲ್ಲವೆಂದು ಲೋಕಸಭೆಯಲ್ಲಿ ಕೇಳುವಂತೆ ಒತ್ತಾಯಿಸಿ. ಉತ್ತರ ಬರುವವರೆಗೆ ಮತ್ತೆ ಮತ್ತೆ ಬರೆಯಿರಿ.